ಕಪಾಟು ಮತ್ತು ಸಂಸಾರ

(ಮಾಸ್ತಿಕಟ್ಟೆಯ ಭಕ್ತರ ಸಭೆಯಲ್ಲಿ ನೀಡಿದ ಆಶೀರ್ವಚನ)



ಸಂಸ್ಕೃತದಲ್ಲಿ ‘ಕಪಾಟ’ ಎಂಬ ಶಬ್ದವಿದೆ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಅದರ ಅರ್ಥ ತಿಳಿದೇ ಇರುತ್ತದೆ. ಕಪಾಟ ಎಂದರೆ ಕದ, ಬಾಗಿಲು. ಅದೇ ಶಬ್ದ ‘ಕವಾಟ’ ಎಂದೂ ಆಗುತ್ತದೆ. ಹೃದಯದೊಳಗೆ ರಕ್ತವನ್ನು ಬಿಡುವುದಕ್ಕೂ ತಡೆಯುವುದಕ್ಕೂ ಇರುವ ಪುಟ್ಟ ಕದಗಳಿಗೆ ಇಂದಿಗೂ ಕವಾಟವೆಂದೇ ಹೆಸರು. ಆದರೆ ನಾವು ಕನ್ನಡದಲ್ಲಿ ಕಪಾಟು ಎಂದಾಗ ಬರಿಯ ಬಾಗಿಲನ್ನು ಹೇಳುವುದಿಲ್ಲ. ಬಟ್ಟೆಬರೆ, ಪುಸ್ತಕ, ಮನೆಯ ಕಾಗದಪತ್ರ ಇವನ್ನೆಲ್ಲ ಇಡುವ ಮರದ ಗೂಡನ್ನು ಹೇಳುತ್ತೇವೆ. ಬಾಗಿಲಿನ ಹೆಸರು ಇಡೀ ಗೂಡಿಗೆ ಬಂದುಬಿಟ್ಟಿತು. ಇದು ಎಷ್ಟು ಅರ್ಥಪೂರ್ಣವಾಗಿದೆ, ನೋಡಿ. ಕಪಾಟಿನ ಯೋಗ್ಯತೆ ಅದರೊಳಗೆ ಎಷ್ಟು ಸಾಮಾನು ಹಿಡಿಯುತ್ತದೆ ಎಂಬುದರಲ್ಲಿಲ್ಲ. ಅದರ ಬಾಗಿಲು ಬೇಕೆಂದಾಗ ತೆರೆಯುತ್ತದೆಯೇ, ಬೇಕೆಂದಾಗ ಮುಚ್ಚುತ್ತದೆಯೇ ಎಂಬುದರಲ್ಲಿದೆ. ತೆರೆಯದ ಕಪಾಟು ಕಪಾಟಲ್ಲ, ಗೋಡೆ. ಮುಚ್ಚದ ಕಪಾಟೂ ಕಪಾಟಲ್ಲ, ಬರಿಯ ಹಲಗೆ. ಸಂಸಾರವೂ ಹಾಗೆಯೇ. ಇಂದು ನಾವು ಈ ಒಂದು ಮಾತನ್ನೇ ಸ್ವಲ್ಪ ವಿಸ್ತರಿಸಿ ಹೇಳಬೇಕೆಂದಿದ್ದೇವೆ.

ಈ ಸೀಮೆಯಲ್ಲಿ ಮರಗೆಲಸದ ಮಾತು ಹೊಸದಲ್ಲ. ನಿಮ್ಮ ಸಮೀಪದ ನಗರ ಒಂದು ಕಾಲಕ್ಕೆ ಬಿದನೂರು ಎನಿಸಿ ಕೆಳದಿ ಅರಸರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರಾಲಿಯ ವಶವಾಗುವವರೆಗೂ ಅಲ್ಲಿ ಅರಮನೆ, ಮಠ, ಪೇಟೆ ಎಲ್ಲವೂ ಇದ್ದವು. ಸಾಗರ, ಸೊರಬಗಳ ಗುಡಿಗಾರರ ಕೈಯ ಕೆತ್ತನೆ ಈಗಲೂ ನಾಡಿನಲ್ಲೆಲ್ಲ ಹೆಸರುವಾಸಿ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿ ಕುವೆಂಪು ಅವರು ಬೆಳೆದ ಮನೆಯನ್ನು ನೋಡಿ ಬಂದವರು ಆ ಮನೆಯ ಮರದ ಕಂಬಗಳನ್ನು ಮರೆಯಲಾರರು. ಮಲೆನಾಡಿನ ಹಳೆಯ ಮನೆಗಳಲ್ಲಿ ಕಂಬ, ತೊಲೆ, ಬಾಗಿಲು, ಕಣಜ, ಪೆಟ್ಟಿಗೆ ಎಲ್ಲವೂ ಮರದ್ದೇ. ಮುಂದೆ ವಾರಾಹಿ ಯೋಜನೆ ಬಂದಿತು. ಮಾಣಿಯಲ್ಲಿ ಅಣೆಕಟ್ಟೆ ಎದ್ದಿತು. ಘಟ್ಟದ ಕೆಳಗೆ ಹೊಸಂಗಡಿಯ ಬಳಿ ಭೂಮಿಯ ಗರ್ಭದಲ್ಲಿ ವಿದ್ಯುದಾಗಾರ ಸಿದ್ಧವಾಗಿ 1989–90ರಲ್ಲಿ ಮೊದಲ ಎರಡು ಯಂತ್ರಗಳೂ 2009ರಲ್ಲಿ ಮತ್ತೆರಡು ಯಂತ್ರಗಳೂ ತಿರುಗತೊಡಗಿದವು. ಆ ಕೆಲಸದ ನಿಮಿತ್ತ ಬೇರೆ ಬೇರೆ ಜಿಲ್ಲೆಗಳಿಂದ ಬಂದ ಸಂಸಾರಗಳು ಈ ಮಾಸ್ತಿಕಟ್ಟೆಯಲ್ಲಿ ನೆಲೆಸಿದವು. ಬಯಲುಸೀಮೆಯಿಂದ ಬಂದವರು ತಮ್ಮ ಪೆಟ್ಟಿಗೆ, ಮೇಜು, ಕಪಾಟುಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಮೊದಲ ಮಳೆಗಾಲ ಮುಗಿಯುವುದರೊಳಗೆ ಅವರಿಗೆ ಒಂದು ಸಂಗತಿ ತಿಳಿಯಿತು. ಊರಿನಲ್ಲಿ ಸಲೀಸಾಗಿ ತೆರೆಯುತ್ತಿದ್ದ ಬಾಗಿಲು ಇಲ್ಲಿ ತೆರೆಯದು!

ಏಕೆ ತೆರೆಯದು? ಇಲ್ಲಿಯ ಮಳೆ ಸಾಮಾನ್ಯದ್ದೇ? ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿದ ವರ್ಷಗಳನ್ನು ನೀವು ಕಂಡಿದ್ದೀರಿ. ಹುಲಿಕಲ್ಲು ಘಟ್ಟದ ಮೋಡ ಮನೆಯೊಳಗೇ ಬಂದು ಕುಳಿತುಬಿಡುತ್ತದೆ. ಗೋಡೆ ಬೆವರುತ್ತದೆ. ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ. ಉಪ್ಪು ನೀರಾಗುತ್ತದೆ. ಆಗ ಮರವೂ ನೀರನ್ನು ಕುಡಿಯುತ್ತದೆ. ಮರವನ್ನು ಕಡಿದು, ಕೊಯ್ದು, ಬಣ್ಣ ಬಳಿದು ಮನೆಯೊಳಗೆ ನಿಲ್ಲಿಸಿದರೂ ಅದರ ಸ್ವಭಾವ ಹೋಗುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಹಿಗ್ಗುತ್ತದೆ. ತೇವ ಇಳಿದರೆ ಕುಗ್ಗುತ್ತದೆ. ನೂರು ವರ್ಷದ ಹಳೆಯ ಕದವೂ ಹಾಗೆಯೇ.

ಇದರಲ್ಲಿ ಒಂದು ನಿಯಮವಿದೆ. ಮರ ಉದ್ದಕ್ಕೆ ಬೆಳೆಯುವ ದಿಕ್ಕಿನಲ್ಲಿ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಮೆ. ಅಡ್ಡಕ್ಕೆ, ಅಗಲಕ್ಕೆ ಹಿಗ್ಗುತ್ತದೆ. ಅದರಲ್ಲಿಯೂ ಮರದ ಸುತ್ತಿನ ಉಂಗುರಗಳ ಜೊತೆಗೆ ಸಾಗುವ ದಿಕ್ಕಿನಲ್ಲಿ ಹಿಗ್ಗುವುದು ತಿರುಳಿನಿಂದ ತೊಗಟೆಯ ಕಡೆಗೆ ಹಿಗ್ಗುವುದಕ್ಕಿಂತ ಹೆಚ್ಚುಕಡಮೆ ಎರಡು ಪಟ್ಟು. ಒಂದು ಅಡಿ ಅಗಲದ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಮೂರು ನಾಲ್ಕು ಮಿಲಿಮೀಟರು ಹೆಚ್ಚುಕಡಮೆಯಾಗುವುದು ಸಾಮಾನ್ಯ. ಮೂರು ಮಿಲಿಮೀಟರು ಎಂದರೆ ಏನು ಮಹಾ ಎನ್ನಬೇಡಿ. ಬಾಗಿಲು ಹಿಡಿದುಕೊಳ್ಳುವುದಕ್ಕೆ ಅರ್ಧ ಮಿಲಿಮೀಟರು ಸಾಕು.

ಹಾಗಾದರೆ ನಮ್ಮ ಹಿರಿಯ ಬಡಗಿಗಳು ಏನು ಮಾಡಿದರು? ಮರದೊಡನೆ ಹೋರಾಡಲಿಲ್ಲ. ಅದರ ಸ್ವಭಾವವನ್ನು ಒಪ್ಪಿಕೊಂಡರು. ಹಳೆಯ ಕದವನ್ನು ಗಮನಿಸಿ ನೋಡಿ. ಸುತ್ತಲೂ ನಾಲ್ಕು ಪಟ್ಟಿಗಳ ಒಂದು ಚೌಕಟ್ಟು. ನಡುವೆ ಅಗಲವಾದ ಹಲಗೆ. ಚೌಕಟ್ಟಿನ ಪಟ್ಟಿಗಳು ಒಂದಕ್ಕೊಂದು ಭದ್ರವಾಗಿ ಕೂಡಿರುತ್ತವೆ; ಒಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ಕಂಡಿಯಲ್ಲಿ ಕೂರಿಸಿ ಮರದ ಮೊಳೆ ಬಡಿದಿರುತ್ತಾರೆ. ಆದರೆ ನಡುವಿನ ಹಲಗೆ? ಅದಕ್ಕೆ ಮೊಳೆಯಿಲ್ಲ, ಅಂಟಿಲ್ಲ. ಚೌಕಟ್ಟಿನ ಒಳಬದಿಗೆ ಒಂದು ಸಣ್ಣ ತೋಡು ತೆಗೆದು ಹಲಗೆಯ ಅಂಚನ್ನು ಅದರಲ್ಲಿ ಸುಮ್ಮನೆ ಕೂರಿಸಿರುತ್ತಾರೆ. ತೋಡಿನ ಆಳಕ್ಕಿಂತ ಹಲಗೆ ಸ್ವಲ್ಪ ಕಿರಿದು. ಆ ‘ಸ್ವಲ್ಪ’ದಲ್ಲಿಯೇ ಎಲ್ಲ ವಿದ್ಯೆಯೂ ಅಡಗಿದೆ! ಮಳೆಗಾಲದಲ್ಲಿ ಹಲಗೆ ಹಿಗ್ಗಿದರೆ ಆ ಸಂದಿನೊಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಕುಗ್ಗಿದರೆ ಹಿಂದಕ್ಕೆ ಸರಿಯುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ಕಾಣದು. ಚೌಕಟ್ಟು ಹಿಡಿದಿರುತ್ತದೆ, ಆದರೆ ಹಿಸುಕುವುದಿಲ್ಲ. ಹಲಗೆ ಬಿಡುಬೀಸಾಗಿರುತ್ತದೆ, ಆದರೆ ಕಳಚಿಬೀಳುವುದಿಲ್ಲ.

ತಾಯಂದಿರೇ, ಸಂಸಾರಕ್ಕೂ ಚೌಕಟ್ಟು ಬೇಕು. ಚೌಕಟ್ಟಿಲ್ಲದ ಮನೆ ಧರ್ಮಛತ್ರವಾಗುತ್ತದೆ. ಆದರೆ ಚೌಕಟ್ಟಿನೊಳಗೆ ಸಂದು ಬಿಡದ ಮನೆ ಏನಾಗುತ್ತದೆ? ನಾವು ಕಂಡ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಮನೆಯವರ ಹೆಸರು ಬೇಡ, ಊರು ಬೇಡ. ಇದೇ ಮಳೆಯ ಸೀಮೆಯ ಮನೆ ಎಂದಿಷ್ಟು ತಿಳಿದರೆ ಸಾಕು.

ಆ ಮನೆಯ ಹಿತ್ತಲಿನಲ್ಲಿ ಒಂದು ಹಳೆಯ ಹಲಸಿನ ಮರ ಗಾಳಿಗೆ ಉರುಳಿತು. ಯಜಮಾನನು ಒಳ್ಳೆಯವನು, ದುಡಿಮೆಗಾರ, ಕೈಯಲ್ಲಿ ಕಸುಬು ಇದ್ದವನು. ಬಡಗಿಗೆ ಕೊಡುವ ಹಣವನ್ನು ಉಳಿಸಿ ತಾನೇ ಒಂದು ಕಪಾಟು ಮಾಡುವೆನೆಂದು ನಿಶ್ಚಯಿಸಿದನು. ಅವಸರ ಮಾಡಲಿಲ್ಲ. ಮರವನ್ನು ಕೊಯ್ಯಿಸಿ, ಹಲಗೆಗಳ ನಡುವೆ ಕಡ್ಡಿಗಳನ್ನಿಟ್ಟು ಅಟ್ಟಿ, ನೆರಳಿನಲ್ಲಿ ಗಾಳಿಯಾಡುವಂತೆ ಎರಡು ವರ್ಷ ಒಣಗಿಸಿದನು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಹಿರಿಯರ ಲೆಕ್ಕವನ್ನು ಮೀರಿಯೇ ಕಾದನು. ಸಂಕ್ರಾಂತಿ ಕಳೆದ ಮೇಲೆ ಜಗಲಿಯಲ್ಲಿ ಕೆಲಸ ಮೊದಲಾಯಿತು. ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ದೀಪದ ಬೆಳಕಿನಲ್ಲಿ ಹತ್ತರಿ ಹೊಡೆಯುವನು. ಮನೆಯಲ್ಲೆಲ್ಲ ಮರದ ಪುಡಿ. ಅವನ ಮಡದಿ ದಿನಕ್ಕೆ ಮೂರು ಸಲ ಗುಡಿಸುವಳು. ಮಗಳ ಓದಿಗೆ ಸುತ್ತಿಗೆಯ ಸದ್ದು. ಒಂಬತ್ತನೆಯ ತರಗತಿಯ ಮಗ ಉಳಿ ಮುಟ್ಟಲು ಬಂದರೆ ಗದರಿಕೆ. ವೃದ್ಧ ತಾಯಿ ಮೂಲೆಯಲ್ಲಿ ಕುಳಿತು ನೋಡುವಳು. ಸಂಸಾರದ ನಡುವೆ ಕೆಲಸವೆಂದರೆ ಹೀಗೆಯೇ. ಕಾಡಿನಲ್ಲಿ ಒಬ್ಬನೇ ಕುಳಿತು ಮಾಡುವ ತಪಸ್ಸಿಗಿಂತ ಇದು ಕಠಿಣ.

ಯುಗಾದಿಗೆ ಕಪಾಟು ಸಿದ್ಧವಾಯಿತು. ಮೇಲಿನ ಖಾನೆ ತಾಯಿಗೆ: ವಿಭೂತಿಗಟ್ಟಿ, ಕನ್ನಡಕ, ರಕ್ತದೊತ್ತಡದ ಗುಳಿಗೆ. ನಡುವಿನದು ಮಕ್ಕಳ ಪುಸ್ತಕಗಳಿಗೆ. ಕೆಳಗಿನದು ಬಟ್ಟೆಗೆ. ಹಲಸಿನ ಹಳದಿ ಬಣ್ಣ ಬಂಗಾರದಂತೆ ಹೊಳೆಯುತ್ತಿತ್ತು. ನಡುವಿನ ಹಲಗೆಗಳಿಗೆ ಅಂಟು ಹಾಕಿ, ಮೊಳೆ ಹೊಡೆದು, ಕೂದಲೂ ನುಸುಳದಂತೆ ಬಿಗಿಮಾಡಿದ್ದನು. ಬಂದವರೆಲ್ಲ ಹೊಗಳಿದರು. ಮಗ ಒಬ್ಬನು ಮಾತ್ರ, “ಅಪ್ಪಾ, ಬಾಗಿಲು ಈಗಲೇ ಇಷ್ಟು ಬಿಗಿಯಾಗಿದ್ದರೆ ಮಳೆಗಾಲದಲ್ಲಿ ಹೆಂಗೆ?” ಎಂದನು. “ನಿನಗೇನು ಗೊತ್ತು, ಸುಮ್ಮನಿರು” ಎಂದು ತಂದೆ ಬಾಯಿ ಮುಚ್ಚಿಸಿದನು.

ಆರಿದ್ರಾ ಮಳೆ ಹಿಡಿಯಿತು. ಹಲಗೆ ಹಿಗ್ಗಿತು. ಹೋಗಲು ಸಂದಿಲ್ಲ. ಚೌಕಟ್ಟನ್ನೇ ಆಚೆಗೆ ನೂಕಿತು. ಬಾಗಿಲು ಕಚ್ಚಿಕೊಂಡಿತು. ಒಂದು ದಿನ ಮಗ ತಿರುಪುಳಿ ಹಾಕಿ ಮೀಟಿ ತೆರೆದನು. ಅಂಚಿಗೆ ಗೀರು ಬಿದ್ದಿತು. ತಂದೆ ಅಂದು ಮಾಡಿದ ರಂಪಕ್ಕೆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಅಲ್ಲಿಂದ ಮುಂದೆ ಏನಾಯಿತು? ಜಗಳವಾಗಲಿಲ್ಲ. ಜಗಳವಾಗಿದ್ದರೆ ಒಳಿತಾಗುತ್ತಿತ್ತು. ಮಡದಿ ಮಾತಿಲ್ಲದೆ ತನ್ನ ಸೀರೆಗಳನ್ನು ಟ್ರಂಕಿಗೆ ಸಾಗಿಸಿದಳು. ಮಗಳು ಪುಸ್ತಕಗಳನ್ನು ಕಿಟಕಿಯ ಮೇಲಿಟ್ಟುಕೊಂಡಳು. ಕಪಾಟು ಒಳಗಿನಿಂದ ಬರಿದಾಗುತ್ತ ಬಂದಿತು. ಹೊರಗೆ ಹೊಳೆಯುತ್ತಲೇ ಇತ್ತು.

ತಾಯಿಯ ಗುಳಿಗೆ ಮಾತ್ರ ಅಲ್ಲಿಯೇ ಉಳಿಯಿತು. ಪುನರ್ವಸುವಿನ ಮಳೆಯಲ್ಲಿ ಒಂದು ದಿನ ಆ ಬಾಗಿಲು ಮುದುಕಿಯ ಕೈಗೆ ಬಗ್ಗಲಿಲ್ಲ. ಮರುದಿನವೂ ಬಗ್ಗಲಿಲ್ಲ. ಆಕೆ ಯಾರನ್ನೂ ಕರೆಯಲಿಲ್ಲ. ಮೂರನೆಯ ದಿನ ತಲೆ ತಿರುಗಿ ಬಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು, “ಗುಳಿಗೆ ತಗೊಂಡಿದ್ದೀರಾ ಅಮ್ಮಾ?” ಎಂದು ಕೇಳಿದಾಗ ನಿಜ ಹೊರಬಿದ್ದಿತು. ಮಗ ಅಳುತ್ತ, “ಯಾಕೆ ಹೇಳಲಿಲ್ಲ ಅವ್ವಾ?” ಎಂದನು. ಆ ತಾಯಿ ಏನೆಂದಳು ಗೊತ್ತೇ? “ಹುಡುಗ ತೆಗೆಯೋಕೆ ಹೋಗಿ ಮತ್ತೆ ಗೀರು ಬಿದ್ದರೆ ಅವನಿಗೆ ಬೈತೀಯಲ್ಲಪ್ಪ, ಅದಕ್ಕೆ ಸುಮ್ಮನಾದೆ” ಎಂದಳು.

ಶಿವನ ಕೃಪೆಯಿಂದ ತಾಯಿ ಚೇತರಿಸಿಕೊಂಡಳು. ಆ ಭಕ್ತನು ಮಠಕ್ಕೆ ಬಂದು ನಮ್ಮ ಮುಂದೆ ಕುಳಿತಾಗ ಒಂದು ಮಾತು ಹೇಳಿದನು: “ಬುದ್ಧೀ, ಬಾಗಿಲು ಹಿಡಿದಿದೆ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ.”

ಭಕ್ತರೇ, ಈ ಮಾತನ್ನು ನಿಮ್ಮ ನಿಮ್ಮ ಎದೆಗೆ ಹಿಡಿದು ನೋಡಿಕೊಳ್ಳಿ. ಅವನು ಮಾಡಿದ ಕೆಲಸದಲ್ಲಿ ಕಪಟವಿರಲಿಲ್ಲ. ಮರ ಒಳ್ಳೆಯದು, ಅಳತೆ ಸರಿಯಾದುದು, ಶ್ರಮ ನಿಜವಾದುದು, ಪ್ರೀತಿಯೂ ನಿಜವಾದುದೇ. ಸಂದು ಒಂದನ್ನು ಬಿಟ್ಟಿರಲಿಲ್ಲ. ಮರದಲ್ಲಿಯೂ ಬಿಡಲಿಲ್ಲ, ಮಾತಿನಲ್ಲಿಯೂ ಬಿಡಲಿಲ್ಲ. ‘ಬಾಗಿಲು ಹಿಡಿದಿದೆ’ ಎಂದು ಹೇಳಲು ಜಾಗವಿಲ್ಲದ ಮನೆಯಲ್ಲಿ ಬಾಗಿಲು ಹಿಡಿಯುವುದು ದೊಡ್ಡ ವಿಷಯವಲ್ಲ, ಬಾಯಿಗಳೇ ಹಿಡಿದುಕೊಂಡುಬಿಡುತ್ತವೆ. ದುಡಿದು ತಂದವನು, ಮಾಡಿ ಬಡಿಸಿದವಳು, ಕಟ್ಟಿ ನಿಲ್ಲಿಸಿದವನು, ಇವರೆಲ್ಲರಿಗೂ ಇದೊಂದು ರೋಗ. ‘ನಾನು ಇಷ್ಟು ಮಾಡಿದ್ದೇನೆ, ನನಗೆ ಹೇಳುವವರು ಯಾರು’ ಎಂಬ ಅಂಟು. ಈ ಅಂಟು ಬಲು ಗಟ್ಟಿ. ಇದು ಹಿಡಿದ ಕಡೆ ಹಲಗೆ ಸೀಳುತ್ತದೆಯೇ ಹೊರತು ಅಂಟು ಬಿಡುವುದಿಲ್ಲ.

ಶರಣರ ಸಂಸಾರವನ್ನು ನೋಡಿ. ಹನ್ನೆರಡನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದನು. ಅವನ ಮಡದಿ ಲಕ್ಕಮ್ಮ ಅದನ್ನು ಒಪ್ಪಿದಳೇ? ಇಷ್ಟೇಕೆ ತಂದಿರಿ, ಮರಳಿ ಸುರಿದು ಬನ್ನಿ ಎಂದು ಕಳುಹಿದಳು. ನಾವು ಈ ಕಥೆಯನ್ನು ಹೇಳುವಾಗ ಲಕ್ಕಮ್ಮನ ನಿಷ್ಠೆಯನ್ನು ಕೊಂಡಾಡುತ್ತೇವೆ. ಕೊಂಡಾಡಬೇಕಾದುದೇ. ಆದರೆ ಮಾರಯ್ಯನನ್ನೂ ಸ್ವಲ್ಪ ನೋಡಬೇಕು. ಅವನು ಬಿಸಿಲಿನಲ್ಲಿ ಬಗ್ಗಿ ಬಗ್ಗಿ ಆಯ್ದು ದಣಿದು ಬಂದವನು. ‘ದುಡಿದವನು ನಾನು, ಕೇಳುವವಳು ನೀನಾರು’ ಎನ್ನಲಿಲ್ಲ. ಹೊತ್ತುಕೊಂಡು ಹಿಂದಿರುಗಿ ಹೋದನು. ಆ ದಂಪತಿಗಳ ಚೌಕಟ್ಟು ಎಷ್ಟು ಭದ್ರ, ಒಳಗಿನ ಸಂದು ಎಷ್ಟು ಹದ! ಮಡದಿಗೆ ಹೇಳುವ ಜಾಗವಿತ್ತು, ಗಂಡನಿಗೆ ಕೇಳುವ ಜಾಗವಿತ್ತು. ಶರಣರ ಅನುಭವಗೋಷ್ಠಿಯಲ್ಲಿ ಮಡಿವಾಳರಿದ್ದರು, ಅಂಬಿಗರಿದ್ದರು; ಬಾಚಿ ಹಿಡಿದು ಮರ ಕೆತ್ತುವ ಬಾಚಿಕಾಯಕದ ಬಸವಯ್ಯನೂ ಇದ್ದನು. ಕಾಯಕ ಮಾಡುವವನಿಗೆ ಮಾತಿನ ಹಕ್ಕು, ಮಾತು ಕೇಳುವ ಹೊಣೆ, ಇವೆರಡೂ ಜೊತೆಯಾಗಿಯೇ ಬಂದವು.

ಇರಲಿ. ಆ ಮನೆಯ ಕಪಾಟು ಏನಾಯಿತು? ಒಬ್ಬ ವೃದ್ಧ ಆಚಾರ್ಯರನ್ನು, ನೀವು ಆಚಾರ್ರು ಎನ್ನುತ್ತೀರಲ್ಲ, ಅವರನ್ನು ಕರೆಸಿದರು. ಯಜಮಾನನು ಆಗಲೇ ಹತ್ತರಿ ಹಿಡಿದು ಬಾಗಿಲಿನ ಅಂಚನ್ನು ಹೆರೆಯಲು ನಿಂತಿದ್ದನು. ಆಚಾರ್ರು ಕೈ ಹಿಡಿದು ತಡೆದರು. ಮಳೆಗಾಲದಲ್ಲಿ ಹಿಗ್ಗಿದ ಮರವನ್ನು ಅದೇ ಹೊತ್ತಿಗೆ ಹೆರೆದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದಾಗುತ್ತದೆ ಎಂದರು. ಬಾಗಿಲನ್ನು ತಿರುಗಣಿಯಿಂದ ಕಳಚಿ ಬೆಚ್ಚಗಿನ ಒಣ ಜಾಗದಲ್ಲಿ ಇಡಿಸಿದರು. ಮಳೆ ಹಿಂದೆಗೆದ ಮೇಲೆ ಬಂದು ಮೊಳೆ ಕಿತ್ತು, ಅಂಟು ಬಿಡಿಸಿ, ತೋಡನ್ನು ಆಳ ಮಾಡಿ, ಹಲಗೆಯ ಅಂಚನ್ನು ತೆಳುವು ಮಾಡಿ ಮತ್ತೆ ಸುಮ್ಮನೆ ಕೂರಿಸಿದರು. ಬಾಗಿಲಿಗೂ ಗೂಡಿಗೂ ನಡುವೆ ಒಂದು ನಾಣ್ಯ ಜಾರುವಷ್ಟು ಸಂದು ಬಿಡಿಸಿದರು. ಈ ಕೆಲಸದಲ್ಲಿ ಹಲಗೆ ಹಿಡಿಯಲು ಯಾರನ್ನು ಕರೆದರು? ಗದರಿಸಿಕೊಂಡಿದ್ದ ಆ ಮಗನನ್ನೇ ಕರೆದರು. ಮೊದಲನೆಯ ಉಳಿಯನ್ನು ಅವನ ಕೈಗೇ ಕೊಟ್ಟರು. ಮರ ಬಲ್ಲವರಿಗೆ ಮನುಷ್ಯರನ್ನು ತಿಳಿಯುವುದು ಕಷ್ಟವಲ್ಲ.

ಮುಂದೆ ಕಪಾಟು ಮಾಡಬೇಕೆಂದಿರುವ ತರುಣರು ನಿಮ್ಮಲ್ಲಿ ಇದ್ದಾರೆ. ಅವರಿಗಾಗಿ ನಾಲ್ಕು ಮಾತುಗಳನ್ನು ಹೇಳುತ್ತೇವೆ.

ಮೊದಲನೆಯದು, ಮರ ನ್ಯಾಯದ್ದಾಗಿರಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನೂ ಅರಣ್ಯದ ಕಾನೂನುಗಳನ್ನೂ ತಿಳಿದವರಲ್ಲಿ ಕೇಳಿ, ಅನುಮತಿ ಬೇಕಾದಲ್ಲಿ ಅನುಮತಿ ಪಡೆದೇ ಮುಂದುವರಿಯಿರಿ. ಕಾಡಿನಿಂದ ಕದ್ದು ತಂದ ಬೀಟೆಯ ಕಪಾಟಿನಲ್ಲಿ ದೇವರ ಸಾಮಾನು ಇಟ್ಟರೆ ದೇವರು ಅದರಲ್ಲಿ ಇರುವನೇ?

ಎರಡನೆಯದು, ಕಾಯುವುದನ್ನು ಕಲಿಯಿರಿ. ಹಸಿಮರದಲ್ಲಿ ಬಹಳಷ್ಟು ನೀರು ಇರುತ್ತದೆ. ಒಣಗುವ ಮುನ್ನ ಕೂಡಿಸಿದರೆ ಸೀಳುತ್ತದೆ, ಸೊಟ್ಟಗಾಗುತ್ತದೆ. ತಿರುಳಿನ ಚೇಗನ್ನು ಆರಿಸಿಕೊಳ್ಳಿ. ತೊಗಟೆಯ ಬದಿಯ ಬಿಳಿಮರಕ್ಕೆ ಕುಟ್ಟೆ ಬೇಗ ಹಿಡಿಯುತ್ತದೆ. ಬೇರೆ ಊರಿನಿಂದ ತಂದ ಹಲಗೆಯನ್ನು ಕೊಯ್ಯುವ ಮೊದಲು ಕೆಲವು ವಾರ ನಿಮ್ಮ ಮನೆಯ ಗಾಳಿಯಲ್ಲಿ ಇಡಿ. ಅದು ಈ ಊರಿನ ತೇವಕ್ಕೆ ಒಗ್ಗಲಿ. ಹಲಗೆಗೆ ಕೊಡುವ ಇಷ್ಟು ಕಾಲಾವಕಾಶವನ್ನು ಬಯಲುಸೀಮೆಯಿಂದ ಮನೆಗೆ ಬಂದ ಸೊಸೆಗೂ ಕೊಡಿ ಎಂದು ಅತ್ತೆಯಂದಿರಿಗೆ ನಮ್ಮ ಸೂಚನೆ.

ಮೂರನೆಯದು, ಬಣ್ಣವನ್ನು ಹಲಗೆಯ ಎರಡು ಮೈಗೂ ಬಳಿಯಿರಿ. ಹೊರಮೈಗೆ ಮಾತ್ರ ವಾರ್ನಿಷು ಹಾಕಿ ಒಳಮೈಯನ್ನು ಬರಿದೇ ಬಿಟ್ಟರೆ ಒಳಗಿನಿಂದ ತೇವ ಕುಡಿದು ಹಲಗೆ ಬಿಲ್ಲಿನಂತೆ ಬಾಗುತ್ತದೆ. ಹೊರಗೆ ಬಂದವರಿಗೆ ನಗುಮೊಗ, ಒಳಗೆ ಮನೆಯವರಿಗೆ ಸಿಡುಕುಮೊಗ ತೋರುವವರ ಬಾಳೂ ಹೀಗೆಯೇ ಬಾಗುತ್ತದೆ.

ನಾಲ್ಕನೆಯದು, ಕಪಾಟನ್ನು ನೆಲಕ್ಕೆ ತಾಗಿಸಿ ಇಡಬೇಡಿ. ನಾಲ್ಕು ಬೆರಳು ಎತ್ತರದ ಕಾಲಿರಲಿ. ಗೋಡೆಯಿಂದ ಒಂದು ಗೇಣು ದೂರವಿರಲಿ. ಹಿಂಬದಿಯಲ್ಲಿ ಗಾಳಿಯಾಡಲು ಕೆಲವು ರಂಧ್ರಗಳಿರಲಿ. ಗಾಳಿಯಾಡದ ಕಪಾಟಿನಲ್ಲಿ ಬೂಷ್ಟು ಬರುತ್ತದೆ. ಮಾತಾಡದ ಮನೆಯಲ್ಲಿಯೂ ಬರುತ್ತದೆ.

ಯೋಜನೆಯಲ್ಲಿ ದುಡಿದವರು ಇಲ್ಲಿ ಕುಳಿತಿದ್ದೀರಿ. ಎಷ್ಟು ಗಟ್ಟಿಯಾದ ಅಣೆಕಟ್ಟೆಯಾದರೂ ಮಿಕ್ಕ ನೀರು ಹರಿಯಲು ಕೋಡಿ ಬಿಡದೆ ಯಾವ ಇಂಜಿನಿಯರೂ ಕಟ್ಟುವುದಿಲ್ಲ. ಉದ್ದವಾದ ಸೇತುವೆಯ ನಡುನಡುವೆ ಸಂದು ಬಿಟ್ಟಿರುತ್ತಾರೆ. ಅದು ಕಟ್ಟಡದ ದೋಷವಲ್ಲ, ಬಲ. ಬಿಸಿಲಿಗೆ ಹಿಗ್ಗಲಿ, ಚಳಿಗೆ ಕುಗ್ಗಲಿ, ಆದರೂ ನಿಂತಿರಲಿ ಎಂಬ ವಿವೇಕ. ಕಲ್ಲು, ಕಬ್ಬಿಣ, ಮರಗಳಿಗೆ ಕೊಡುವ ಈ ಅವಕಾಶವನ್ನು ಉಸಿರಾಡುವ ಮಕ್ಕಳಿಗೆ, ಮಡದಿಗೆ, ಮುಪ್ಪಿನ ತಾಯಿಗೆ ಕೊಡದಿರುವುದು ಯಾವ ಜಾಣತನ?

ಆದಕಾರಣ ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಊಟಕ್ಕೆ ಕುಳಿತಾಗ ಮನೆಯ ಹಿರಿಯರಾದವರು ಉಳಿದವರನ್ನು ಕೇಳಿ: “ನಮ್ಮ ಮನೆಯಲ್ಲಿ ಯಾವ ಬಾಗಿಲು ಹಿಡಿದಿದೆ?” ಕೇಳಿ ಸುಮ್ಮನಿರಿ. ಉತ್ತರ ಕೂಡಲೇ ಬಾರದು. ಬಹುಕಾಲ ಹಿಡಿದ ಬಾಗಿಲು ಒಂದೇ ಸಲಕ್ಕೆ ತೆರೆಯುವುದಿಲ್ಲ. ಎಳೆದು ಮುರಿಯಬೇಡಿ. ಒಣಗಲು ಬಿಡಿ, ಕಾಯಿರಿ, ಮರುದಿನ ಮತ್ತೆ ಕೇಳಿ. ಮಕ್ಕಳು ಏನಾದರೂ ಹೇಳಿದರೆ ಬಾಯಿ ಮುಚ್ಚಿಸಬೇಡಿ. ಚಿಕ್ಕವರ ಕಣ್ಣಿಗೆ ಬಿದ್ದ ಸಂದು ದೊಡ್ಡವರ ಮನೆಯನ್ನು ಉಳಿಸಬಹುದು.

ಮಾಸ್ತಿಕಟ್ಟೆಯ ಮಳೆ ಬರಲಿ, ಬೆಳೆ ಬರಲಿ, ನಿಮ್ಮ ಮನೆಗಳ ಕದಗಳು ಸುಲಲಿತವಾಗಿ ತೆರೆದು ಮುಚ್ಚುತ್ತಿರಲಿ. ಕೈಗೆ ಕಾಯಕ, ಬಾಯಿಗೆ ಸತ್ಯ, ಕಿವಿಗೆ ತಾಳ್ಮೆ ದೊರೆಯಲಿ. ಎಲ್ಲರಿಗೂ ಸನ್ಮಂಗಳವಾಗಲಿ.